ಗುಂಡು ತಗುಲಿದ್ದು ಡಾನ್‌ಗೇ ಯಾಕೆ?

‘ಸ್ವಿಮ್ಮಿಂಗ್ ವಿತ್ ಶಾರ್ಕ್ಸ್’ ನೋಡಿ ಅಂತ ಯಾರಿಗೇ ಹೇಳಿದರೂ, ನೋಡಿ ಮುಗಿಸಿದ ಮೇಲೆ ಅವರು ಕೇಳುವುದು ಇದನ್ನೇ: “ಅಷ್ಟು ಗೋಳುಹೊಯ್ದುಕೊಂಡ ಬಾಸ್‌ನ ಬಿಟ್ಟು, ಪ್ರೀತಿಸಿದ ಹುಡುಗಿಗೆ ಯಾಕೆ ಗುಂಡು ಹೊಡೆದ?” ಇದಕ್ಕೆ ಉತ್ತರ ಹೇಳಬೇಕಾದರೆ ಸಿನಿಮಾದ ಕೊನೆಯನ್ನೂ ಹೇಳಲೇಬೇಕು. ನೋಡದೇ ಇದ್ದವರು ನೋಡಿಕೊಂಡು ಬಂದು ಓದಿ.

ಇದು 1994ರ ಸಿನಿಮಾ. ಬರೆದು ನಿರ್ದೇಶಿಸಿದವರು ಜಾರ್ಜ್ ಹುವಾಂಗ್. ಸ್ವತಃ ಹಾಲಿವುಡ್‌ನಲ್ಲಿ ಅಸಿಸ್ಟೆಂಟ್ ಆಗಿ ದುಡಿದವರು. ಬಡ್ಡಿ ಆಕರ್‌ಮನ್ ಒಂದು ಸ್ಟುಡಿಯೋದ ದೊಡ್ಡ ಕುಳ, ಗೈ ಅವನ ಹೊಸ ಅಸಿಸ್ಟೆಂಟ್, ಡಾನ್ (Dawn) ಗೈ ಪ್ರೀತಿಸಿದ ಹುಡುಗಿ. ಬಡ್ಡಿಯಾಗಿ ಕೆವಿನ್ ಸ್ಪೇಸಿ, ಗೈ ಆಗಿ ಫ್ರಾಂಕ್ ವೇಲಿ. ಒಂದು ರಾತ್ರಿ ಗೈ ಪಿಸ್ತೂಲು ಹಿಡಿದು ಬಡ್ಡಿಯ ಮನೆಗೆ ನುಗ್ಗಿ ಅವನನ್ನು ಕುರ್ಚಿಗೆ ಕಟ್ಟಿಹಾಕುತ್ತಾನೆ. ಅಲ್ಲಿವರೆಗೆ ಏನೇನಾಯ್ತು ಅನ್ನುವುದು ನಡುನಡುವೆ ಬರುತ್ತದೆ.

ಸ್ವೀಟನರ್ (ಸಕ್ಕರೆಯ ಬದಲು ಹಾಕುವ ಸಿಹಿಪುಡಿ) ಪೊಟ್ಟಣದ ದೃಶ್ಯ ಒಂದೇ ಸಾಕು, ಆ ಆಫೀಸು ಎಂಥದ್ದು ಅಂತ ಗೊತ್ತಾಗುತ್ತದೆ. ಬಡ್ಡಿ ಕೇಳಿದ್ದು ‘ಸ್ವೀಟ್ ಅಂಡ್ ಲೋ’. ಗೈ ತಂದದ್ದು ‘ಈಕ್ವಲ್’ ಅನ್ನುವ ಇನ್ನೊಂದು ಬ್ರ್ಯಾಂಡ್. ಅಷ್ಟಕ್ಕೇ ಬಡ್ಡಿ ಕೆರಳುತ್ತಾನೆ. ನನ್ನ ಬಚ್ಚಲುಮನೆಯ ಕಾಲೊರಸಿಗೆ ಇರುವ ಬೆಲೆಯೂ ನಿನಗಿಲ್ಲ ಅನ್ನುತ್ತಾನೆ. ಬೈಗುಳ ಎಷ್ಟು ಅತಿರೇಕದ್ದು ಅಂದರೆ ಮೊದಲು ನಗು ಬರುತ್ತದೆ. ಗೈಯ ಮುಖ ಕಂಡ ಕೂಡಲೇ ನಕ್ಕಿದ್ದಕ್ಕೆ ಸಂಕಟವಾಗುತ್ತದೆ. ಮುಂದೆ ಇದೇ ಗೈ ಕಾಗದದ ಅಂಚಿನಿಂದ ಬಡ್ಡಿಯ ಮುಖ ಗೀರುತ್ತಾನೆ. ಆಫೀಸಿನಲ್ಲಿ ದಿನವಿಡೀ ಕೈಯಲ್ಲಿ ಹಿಡಿದು ಓಡಾಡಿದ್ದು ಕಾಗದವನ್ನೇ ಅಲ್ವಾ!

ಈಗ ಪ್ರಶ್ನೆಗೆ ಬರೋಣ. ಗೈಗೆ ಬೇಕಿದ್ದದ್ದು ಬರೀ ಸೇಡು ಅಂತ ನಾವು ಅಂದುಕೊಂಡಿರುತ್ತೇವೆ. ಅದು ಹಾಗಲ್ಲ ಅಂತ ಮೊದಲು ಕಂಡುಹಿಡಿಯುವವನು ಬಡ್ಡಿ. ರಕ್ತ ಸುರಿಸುತ್ತಲೇ ಹೇಳುತ್ತಾನೆ: ನಾನೂ ನಿನ್ನ ಹಾಗೇ ಇದ್ದೆ, ನಾನೂ ಬಾಸ್‌ಗಳನ್ನು ದ್ವೇಷಿಸಿದೆ, ನಿನಗೆ ನಿಜವಾಗಿ ಏನು ಬೇಕು ಹೇಳು. ಗೈ ಯಾವ ದಿನ ಬೇಕಾದರೂ ಕೆಲಸ ಬಿಡಬಹುದಿತ್ತು. ಬಿಡಲಿಲ್ಲ. ಅವನಿಗಿಂತ ಮೊದಲು ಆ ಕೆಲಸದಲ್ಲಿದ್ದ ರೆಕ್ಸ್ (ಬೆನಿಸಿಯೊ ಡೆಲ್ ಟೊರೊ) ಬಡ್ಡಿಯ ಕೈಕೆಳಗೆ ಸವೆದು ದೊಡ್ಡ ಕೆಲಸಕ್ಕೆ ಏರಿದ್ದನ್ನು ಗೈ ಕಣ್ಣಾರೆ ಕಂಡಿದ್ದ. ಆ ದಾರಿ ಅವನಿಗೆ ಬೇಕಿತ್ತು.

ಆ ರಾತ್ರಿ ಡಾನ್ ಬಡ್ಡಿಯ ಮನೆಗೆ ಬಂದಾಗ ಗೈಯ ಮುಂದೆ ಇಬ್ಬರಿದ್ದಾರೆ. ಬಡ್ಡಿ ಸತ್ತರೆ ಜೈಲು, ಕನಸೂ ಮುಗಿಯಿತು. ಡಾನ್ ಸತ್ತರೆ ತಪ್ಪನ್ನೆಲ್ಲ ಅವಳ ತಲೆಗೆ ಕಟ್ಟಬಹುದು, ಬಡ್ಡಿಯೂ ಬಾಯಿ ಬಿಡುವುದಿಲ್ಲ. ಆಗುವುದೂ ಹಾಗೇ. ಡಾನ್‌ಳೇ ಬಡ್ಡಿಯನ್ನು ಕಟ್ಟಿಹಾಕಿದ್ದಳು ಅಂತ ಸುದ್ದಿ ಹಬ್ಬುತ್ತದೆ. ಗೈಗೆ ಬಡ್ತಿ ಸಿಗುತ್ತದೆ. ಬಡ್ಡಿ ಮುಖಕ್ಕೆ ಬ್ಯಾಂಡೇಜ್ ಸುತ್ತಿಕೊಂಡು ಆಫೀಸಿಗೆ ಬರುತ್ತಾನೆ.

ಹಾಗಾಗಿ ನನ್ನ ಪ್ರಕಾರ ಆ ಗುಂಡು ಸಿಟ್ಟಿನ ಭರದಲ್ಲಿ ಹಾರಿದ್ದಲ್ಲ. ಗೈ ಬಡ್ಡಿಯಾದದ್ದು ಆ ಕ್ಷಣದಲ್ಲೇ. ಕೆಟ್ಟ ಬಾಸ್‌ಗೆ ಬುದ್ಧಿ ಕಲಿಸುವ ಕಥೆ ಹೇಳುವುದು ಸುಲಭ, ನೋಡುವವರಿಗೂ ಹಿತ. ಕೆಟ್ಟ ಬಾಸ್ ಹೇಗೆ ತಯಾರಾಗುತ್ತಾನೆ ಅಂತ ಇಷ್ಟು ಧೈರ್ಯವಾಗಿ ತೋರಿಸಿದ್ದಕ್ಕೇ ನನಗೆ ಈ ಸಿನಿಮಾ ಅಷ್ಟು ಇಷ್ಟ.

ಆದರೂ ಈ ಪ್ರಶ್ನೆ ಕೇಳುವವರ ಸಿಟ್ಟು ನ್ಯಾಯವಾದದ್ದೇ. ಡಾನ್ ನಿರ್ಮಾಪಕಿ, ತಾನು ನಂಬಿದ ಒಂದು ಕಥೆಯನ್ನು ಸಿನಿಮಾ ಮಾಡಿಸಲು ಒದ್ದಾಡಿದವಳು. ಮಿಶೆಲ್ ಫೋರ್ಬ್ಸ್ ಆ ಪಾತ್ರವನ್ನು ಅಷ್ಟು ಚೆನ್ನಾಗಿ ಮಾಡಿದ್ದಾರೆ. ಇಬ್ಬರು ಗಂಡಸರ ಲೆಕ್ಕ ಚುಕ್ತಾ ಮಾಡುವುದಕ್ಕೆ ಅವಳನ್ನು ಬಳಸಿಕೊಳ್ಳುವ ಮುಂಚೆ, ಅವಳಿಗೆ ಇನ್ನೂ ಜಾಸ್ತಿ ಜಾಗ ಕೊಡಬೇಕಿತ್ತು.