ಹಗಲಿನ ನೀರು

ನಿನ್ನೆ ಜೇವರ್ಗಿ ತಾಲ್ಲೂಕಿನ ನಮ್ಮೂರಿಗೆ ಹೋದಾಗ ಸೋದರಮಾವನವರು ಬೋರ್‌ವೆಲ್ ಪಕ್ಕದಲ್ಲಿ ಹೊಸದಾಗಿ ನಿಲ್ಲಿಸಿದ ಸೌರಫಲಕಗಳನ್ನು ತೋರಿಸಿ, "ಇನ್ನ ರಾತ್ರಿ ಹೊಲಕ್ಕ ಹೋಗೋದು ತಪ್ಪಿತು ನೋಡಪ್ಪಾ" ಎಂದರು. ತ್ರೀ ಫೇಸ್ ಕರೆಂಟಿಗಾಗಿ ನಡುರಾತ್ರಿಯವರೆಗೆ ಕಾದು, ಬ್ಯಾಟರಿ ಹಿಡಿದು, ಹಾವು ಚೇಳುಗಳ ಭಯದಲ್ಲಿಯೇ ನೀರು ಹಾಯಿಸುತ್ತಿದ್ದ ಅವರನ್ನು ಬಾಲ್ಯದಿಂದ ಕಂಡ ನನಗೆ ಆ ಮಾತು ಬಹಳ ದೊಡ್ಡದಾಗಿ ಕೇಳಿಸಿತು. 2019ರಲ್ಲಿ ಆರಂಭವಾದ, ಸೌರ ಪಂಪ್‌ಸೆಟ್‌ಗಳಿಗೆ ನೆರವು ನೀಡುವ ಕೇಂದ್ರ ಸರ್ಕಾರದ ಕುಸುಮ್ ಯೋಜನೆಯ ಉದ್ದೇಶಗಳಲ್ಲಿ ರೈತರು ಹಗಲಲ್ಲೇ ನೀರು ಹಾಯಿಸುವಂತಾಗುವುದೂ ಒಂದು.

ಮರಳುವ ದಾರಿಯಲ್ಲಿ ಮನಸ್ಸು ಪಾವಗಡದತ್ತ ಹರಿಯಿತು. ಅಲ್ಲಿನ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕಿಗೆ ಸುಮಾರು 13,000 ಎಕರೆ ಭೂಮಿಯನ್ನು ಖರೀದಿಸದೆ ಗುತ್ತಿಗೆಗೆ ಪಡೆದದ್ದರಿಂದ, ಬರದಿಂದ ಬೆಂದ ಸೀಮೆಯ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಬಾಡಿಗೆ ದೊರೆಯುತ್ತಿದೆ, ಭೂಮಿಯ ಒಡೆತನವೂ ಅವರಲ್ಲಿಯೇ ಉಳಿದಿದೆ. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಆದರೆ ಹೊಲವೇ ಇಲ್ಲದವರಿಗೆ ಆ ಬಾಡಿಗೆಯಲ್ಲಿ ಪಾಲಿಲ್ಲ. ನಮ್ಮ ಎರೆಭೂಮಿಯಲ್ಲಿ ತೊಗರಿಯ ಕಳೆ ತೆಗೆದು, ಕೊಯ್ದು, ರಾಶಿ ಮಾಡುವ ಕೂಲಿಯಿಂದಲೇ ಒಲೆ ಹೊತ್ತಿಸುವ ಮನೆಗಳು ಎಷ್ಟೋ ಇವೆ. ಆ ಹೊಲಗಳ ಮೇಲೆ ಫಲಕಗಳು ಹರಡಿಕೊಂಡರೆ, ಅವುಗಳನ್ನು ತೊಳೆಯುವ ಮತ್ತು ಕಾವಲು ಕಾಯುವ ಕೆಲವೇ ಕೆಲಸಗಳು ಅಷ್ಟು ಮಂದಿಯನ್ನು ಸಲಹಲಾರವು. ಪುಣೆ, ಮುಂಬೈ, ಹೈದರಾಬಾದುಗಳಿಗೆ ಗುಳೆ ಹೋಗುವವರು ಇನ್ನಷ್ಟು ಹೆಚ್ಚುತ್ತಾರೆ. ಗುತ್ತಿಗೆಯ ಕರಾರು ಬರೆಯುವ ದಿನವೇ ಕೂಲಿಕಾರರ ಹೆಸರೂ ಅದರಲ್ಲಿರಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ. ಮಾವನ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹಿರಿಯ ಹೆಣ್ಣುಮಗಳೊಬ್ಬರು ಫಲಕಗಳ ಕಡೆ ಕೈ ತೋರಿಸಿ, "ಹೊಲ ತುಂಬ ಇವೇ ಬಂದ್ರ ನಮಗ ಕೆಲಸ ಎಲ್ಲಿಂದ ಬರ್ತದ?" ಎಂದು ಕೇಳಿದ್ದರು.