ಪೂರ್ವಗ್ರಹ ಬಿಡಿಸೋ ತರಬೇತಿ ಜಡ್ಜ್‌ಗಳಿಗೆ ಮಾತ್ರ ಸಾಕಾ?

ಮಧ್ಯಪ್ರದೇಶ ಹೈಕೋರ್ಟ್ ಕಿರುಕುಳದ ಆರೋಪಿಗೆ ಜಾಮೀನು ಕೊಡುವಾಗ, ದೂರು ಕೊಟ್ಟ ಹೆಂಗಸಿನ ಮನೆಗೇ ಹೋಗಿ ರಾಖಿ ಕಟ್ಟಿಸಿಕೊ ಅಂದಿತ್ತು, ನೆನಪಿದೆಯಾ? 2021ರಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತನ್ನು ತೆಗೆದುಹಾಕಿ, ಜಡ್ಜ್‌ಗಳಿಗೂ ಸರ್ಕಾರಿ ವಕೀಲರಿಗೂ ಹೆಂಗಸರ ಕೇಸುಗಳನ್ನು ಪೂರ್ವಗ್ರಹವಿಲ್ಲದೆ, ಸೂಕ್ಷ್ಮವಾಗಿ ನೋಡೋ ತರಬೇತಿ ಬೇಕು ಅಂತ ಹೇಳಿತು. ಒಳ್ಳೇದೇ.

ಆದರೆ ಬಡವರಿಗೆ ಕೋರ್ಟ್ ಅಂದರೆ ಮೊದಲು ಕಾಣೋದು ಜಡ್ಜ್ ಅಲ್ಲ, ಗುಮಾಸ್ತ. ಮುಂಬೈಯ ಧಾರಾವಿಯಲ್ಲಿರುವ ನಮ್ಮ ಕಲಬುರಗಿ ಕಡೆಯ ಅಕ್ಕನೊಬ್ಬರ ಜೊತೆ ಜೀವನಾಂಶದ ಕೇಸಿಗೆ ಇಲ್ಲಿನ ಒಂದು ಕೋರ್ಟಿಗೆ ಹೋಗಿದ್ದೆ. ಇಳಕಲ್ ಸೀರೆ, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅರ್ಧಂಬರ್ಧ ಮರಾಠಿ. ಅವರಿಗೆ ಗುಮಾಸ್ತ ಅಂದಿದ್ದು ‘ಏ, ಬಾಜೂಲಾ ಥಾಂಬ್’ (ಏ, ಪಕ್ಕಕ್ಕೆ ನಿಲ್ಲು). ಹಿಂದೆಯೇ ಬಂದ ಇಸ್ತ್ರಿ ಶರ್ಟಿನವರಿಗೆ ‘ಬಸಾ ಸರ್’ (ಕೂತ್ಕೊಳ್ಳಿ ಸರ್). ಆ ಗುಮಾಸ್ತ ಕೆಟ್ಟವನೇನಲ್ಲ, ಆಮೇಲೆ ತಾನೇ ಫಾರ್ಮ್ ತುಂಬಿಕೊಟ್ಟ. ತಾನು ಹಾಗೆ ಮಾತಾಡಿದ್ದು ಅವನಿಗೆ ಗೊತ್ತೇ ಆಗಿರಲಿಲ್ಲ, ತೊಂದರೆ ಇರೋದೇ ಅಲ್ಲಿ ಅಲ್ವಾ?

ಅಮೆರಿಕದ ಕ್ಯಾಲಿಫೋರ್ನಿಯಾ ಇಂಥ, ತಮಗೇ ಗೊತ್ತಿಲ್ಲದ ಪೂರ್ವಗ್ರಹದ ಬಗ್ಗೆ ತರಬೇತಿ ಕೊಡಿಸೋಕೆ 2019ರಲ್ಲಿ ಮಾಡಿದ ಕಾನೂನಿನಲ್ಲಿ ವಕೀಲರ ಜೊತೆ ಕೋರ್ಟ್ ಸಿಬ್ಬಂದಿಯೂ ಇದ್ದಾರೆ. ನಮ್ಮಲ್ಲೂ ಕೌಂಟರ್‌ನಿಂದಲೇ ಶುರುವಾಗಲಿ. ಸುಮ್ನೆ ಒಂದು ಗಂಟೆ ವಿಡಿಯೋ ತೋರಿಸಿ ಸಹಿ ಹಾಕಿಸಿಕೊಳ್ಳೋದಾದರೆ ಮಾತ್ರ ಬೇಡ, ಅದಕ್ಕಿಂತ ಅಲ್ಲಿ ಎರಡು ಬೆಂಚು ಜಾಸ್ತಿ ಹಾಕಿಸಲಿ.