ಕರಾಟೆ ಕಲಿಸಿದರೆ ಮಕ್ಕಳಿಗೆ ತೊಂದರೆ ಇಲ್ವಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಬಳ್ಳಾರಿಯಲ್ಲಿ ಕರಾಟೆ ಹೇಳಿಕೊಡುವ ನನಗೆ ತಂದೆತಾಯಂದಿರು ಜಾಸ್ತಿ ಕೇಳೋದು ಇದೊಂದೇ. "ಸರ, ಕಲಿಸೋದೇನೋ ಕಲಿಸ್ತೀವ್ರಿ. ಆದ್ರ ಕೈಕಾಲು ಮುರ್ಕೊಂಡ್ರ? ಮುಂದ ಜಗಳಗಂಟ ಆದ್ರ ಏನ್ ಮಾಡೂದ್ರಿ?" ಕ್ಲಾಸಿನ ಬಾಗಿಲಲ್ಲಿ ನಿಂತು ಹೇಳಿ ಮುಗಿಸುವ ಉತ್ತರ ಅಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ.

ತೊಂದರೆ ಇದೆ. ಏನೂ ಇಲ್ಲ ಅನ್ನುವ ಮಾಸ್ಟರ್ ಹತ್ತಿರ ಮಕ್ಕಳನ್ನು ಬಿಡಬೇಡಿ. ಆದರೆ ನಾನು ನೋಡಿದ ಬಹುಪಾಲು ತೊಂದರೆಗಳಿಗೆ ಕಾರಣ ಕರಾಟೆ ಅಲ್ಲ, ಅವಸರ.

ಪೆಟ್ಟಿನ ವಿಷಯವನ್ನೇ ತೆಗೆದುಕೊಳ್ಳಿ. ಹೊಸ ಮಕ್ಕಳಿಗೆ ಮುಷ್ಟಿ ಕಟ್ಟು ಅಂದರೆ ಎಷ್ಟೋ ಜನ ಹೆಬ್ಬೆರಳನ್ನು ಒಳಗಿಟ್ಟು ಉಳಿದ ಬೆರಳು ಮಡಚುತ್ತಾರೆ. ಹಾಗೇ ಪ್ಯಾಡ್‌ಗೆ ಗುದ್ದಿದರೆ ಹೆಬ್ಬೆರಳಿಗೇ ಪೆಟ್ಟು. ಹೆಬ್ಬೆರಳು ಹೊರಗೆ, ಮಡಚಿದ ಬೆರಳುಗಳ ಮೇಲೆ ಅಡ್ಡ ಬರಬೇಕು. ಮಣಿಕಟ್ಟು ನೆಟ್ಟಗಿರಬೇಕು. ಚಿಕ್ಕವರಿಗೆ ಇಷ್ಟು ರೂಢಿಯಾಗಲು ವಾರಗಳೇ ಹಿಡಿಯುತ್ತವೆ. ಆ ವಾರಗಳನ್ನು ಕೊಡದೆ ನೇರ ಎದುರಾಳಿ ಮುಂದೆ ನಿಲ್ಲಿಸಿದರೆ ಬೆರಳು ಉಳುಕದೆ ಇನ್ನೇನಾಗುತ್ತದೆ?

ಇನ್ನು ನೆಲ. ನಮ್ಮ ಕಡೆ ಶಾಲೆಗಳಲ್ಲಿ ಕಡಪಾ ಕಲ್ಲಿನ ನೆಲ, ಇಲ್ಲವೇ ಸಿಮೆಂಟು. ಅದರ ಮೇಲೆ ದಿನಾ ಹಾರಿ ಇಳಿದರೆ ಮೊಣಕಾಲು, ಹಿಮ್ಮಡಿ ನೋಯುತ್ತವೆ. ನಮ್ಮ ಹಳೇ ಗರಡಿಗಳಲ್ಲಿ ಕೆಮ್ಮಣ್ಣನ್ನು ಅಗೆದು, ಹದ ಮಾಡಿ, ಆಮೇಲೆ ಇಳಿಯುತ್ತಿದ್ದರು. ಸುಮ್ನೆ ಅಲ್ಲ ಅದು. ಮ್ಯಾಟ್ ಹಾಸಿದ್ದರೂ ಎರಡು ಮ್ಯಾಟಿನ ನಡುವಿನ ಸಂದು ನೋಡಿ. ಕಿಕ್ ಹೊಡೆದು ತಿರುಗುವಾಗ ಕಾಲ್ಬೆರಳು ಸಿಕ್ಕಿಕೊಳ್ಳೋದು ಅಲ್ಲೇ.

ಹಂಚು ಒಡೆಸೋದು, ಕೈ ಮೇಲೆ ಬೈಕ್ ಹತ್ತಿಸೋದು, ಇವನ್ನು ಶಾಲೆಯ ವಾರ್ಷಿಕೋತ್ಸವದಲ್ಲಿ ನೋಡಿ ಚಪ್ಪಾಳೆ ತಟ್ಟುತ್ತೇವೆ. ದಯವಿಟ್ಟು ತಟ್ಟಬೇಡಿ. ಬೆಳೆಯುವ ವಯಸ್ಸಿನಲ್ಲಿ ಮೂಳೆಯ ತುದಿಗಳ ಹತ್ತಿರ ಮೆತ್ತಗಿನ ಭಾಗ ಇರುತ್ತದೆ, ಮೂಳೆ ಉದ್ದವಾಗೋದು ಅಲ್ಲಿಂದ. ಅಲ್ಲಿ ಜೋರು ಪೆಟ್ಟಾದರೆ ಮೂಳೆಯ ಬೆಳವಣಿಗೆಯೇ ಕೆಡಬಹುದು. ತಲೆಗೆ ಪೆಟ್ಟು ಬಿದ್ದು ಮಗು ಮಂಕಾದರೆ, ವಾಂತಿ ಮಾಡಿದರೆ ಆ ದಿನದ ಆಟ ಮುಗಿಯಿತು. ನೇರ ಡಾಕ್ಟರ್ ಹತ್ತಿರ ಹೋಗಬೇಕು.

ನಮ್ಮೂರಿಗೆ ಇದೆಲ್ಲದರ ಮೇಲೆ ಬಿಸಿಲಿನ ಕಾಟ ಬೇರೆ. ಏಪ್ರಿಲ್, ಮೇ ಬಂದರೆ ಬಳ್ಳಾರಿ, ರಾಯಚೂರಿನಲ್ಲಿ 40 ಡಿಗ್ರಿ ದಾಟುತ್ತದೆ. ಬೇಸಿಗೆ ಶಿಬಿರ ಇಡೋದೂ ಆಗಲೇ. ಮೈಮೇಲೆ ದಪ್ಪ ಬಟ್ಟೆಯ ಡ್ರೆಸ್ಸು, ಮೇಲೆ ಶೀಟಿನ ಛಾವಣಿ. ಇದಕ್ಕೆ ದಾರಿ ಹೊತ್ತು ನೋಡಿಕೊಳ್ಳೋದು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೃಷ್ಣದೇವರಾಯನ ಸಾಮು ಬಗ್ಗೆ ಬರೆದಿದ್ದಾನೆ. ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಭಾರ ಎತ್ತಿ, ಕತ್ತಿ ತಿರುಗಿಸಿ, ಆಮೇಲೆ ಒಬ್ಬ ಜಟ್ಟಿಯ ಜೊತೆ ಕುಸ್ತಿ. ಬೆಳಕು ಹರಿಯುವ ಮುಂಚೆಯೇ ಶುರು. ಎಣ್ಣೆ ಕುಡಿಯಿರಿ ಅನ್ನುತ್ತಿಲ್ಲ. ಆ ಹೊತ್ತು ಮಾತ್ರ ಈ ನೆಲಕ್ಕೆ ಇವತ್ತಿಗೂ ಸರಿ. ಬೇಸಿಗೆಯಲ್ಲಿ ಬಿಸಿಲೇರುವಷ್ಟರಲ್ಲಿ ಕ್ಲಾಸ್ ಮುಗಿಯಬೇಕು. ನಡುನಡುವೆ ನೀರು, ಉಪ್ಪು ಹಾಕಿದ ಮಜ್ಜಿಗೆ ಕೊಡಬೇಕು. ನೀರು ಕುಡಿಯಲು ಬಿಡದಿರೋದನ್ನು ಶಿಸ್ತು ಅನ್ನುವವರಿದ್ದಾರೆ. ಅದು ಶಿಸ್ತಲ್ಲ, ಅಪಾಯ.

ಈಗ ಬೆಲ್ಟ್. ಅವಸರ ಜಾಸ್ತಿ ಇರೋದೇ ಇಲ್ಲಿ, ತಂದೆತಾಯಂದಿರದೂ ಸೇರಿ. ಕಲಿಕೆಯ ಹಂತಕ್ಕೆ ತಕ್ಕ ಹಾಗೆ ಬೆಲ್ಟ್ ಕೊಡುವ ಪದ್ಧತಿ ಶುರುವಾಗಿದ್ದು ಜೂಡೋದಲ್ಲಿ, ಅದನ್ನು ಹುಟ್ಟುಹಾಕಿದ ಜಪಾನಿನ ಜಿಗೋರೋ ಕಾನೋ ಅವರಿಂದ. ಅದನ್ನು ನೋಡಿ ಕರಾಟೆ ಗುರು ಗಿಚಿನ್ ಫುನಾಕೋಷಿ 1924ರಲ್ಲಿ ಕರಾಟೆಗೆ ತಂದರು. ಬಿಳಿಯಿಂದ ಕಪ್ಪಿಗೆ ಸಾಮಾನ್ಯವಾಗಿ ಹತ್ತು ಹಂತ ಅಂದುಕೊಳ್ಳಿ. ಮೂರು ತಿಂಗಳಿಗೊಂದು ಗ್ರೇಡಿಂಗ್, ಅಂದರೆ ಮುಂದಿನ ಬೆಲ್ಟಿನ ಪರೀಕ್ಷೆ, ನಡೆಸಿದರೆ ಏಳನೇ ವಯಸ್ಸಿಗೆ ಸೇರಿದ ಮಗು ಹತ್ತು ತುಂಬುವ ಮೊದಲೇ ಬ್ಲ್ಯಾಕ್ ಬೆಲ್ಟ್! ಪ್ರತಿ ಸಲವೂ ಫೀಸು. ದುಡ್ಡು ಹೋದರೆ ಹೋಗಲಿ, ಬರದೇ ಇರೋದು ಬಂದಿದೆ ಅನ್ನುವ ಧೈರ್ಯ ಮಗುವಿನ ತಲೆಗೆ ಹೊಕ್ಕುತ್ತದಲ್ಲ, ನನಗೆ ಮೂಳೆ ಮುರಿಯೋದಕ್ಕಿಂತ ಅದರದೇ ಭಯ. ಸೇರಿಸುವ ಮುಂಚೆಯೇ ಕೇಳಿ: ಗ್ರೇಡಿಂಗ್ ಎಷ್ಟಕ್ಕೊಮ್ಮೆ, ಫೀಸು ಎಷ್ಟು, ಯಾರಾದರೂ ಫೇಲ್ ಆಗ್ತಾರಾ? ಎಲ್ಲರೂ ಪಾಸಾಗುವ ಕಡೆ ಪರೀಕ್ಷೆ ಇದ್ದೂ ಇಲ್ಲದ ಹಾಗೆ.

ಜಗಳಗಂಟ ಆಗ್ತಾನಾ ಅನ್ನೋದಕ್ಕೂ ಉತ್ತರ ಇಲ್ಲೇ ಇದೆ. ಬರೀ ಫೈಟ್ ಕಲಿತವನಿಗೆ ಕೈ ತುರಿಸುತ್ತದೆ. 'ಕಟಾ', ಅಂದರೆ ಎದುರಾಳಿ ಇಲ್ಲದೆ ಒಬ್ಬನೇ ಕ್ರಮವಾಗಿ ಮಾಡುವ ಹೆಜ್ಜೆ, ಹೊಡೆತಗಳ ಸರಣಿಯನ್ನು ತಿಂಗಳುಗಟ್ಟಲೆ ತಿದ್ದಿಸಿಕೊಂಡವನಿಗೆ, ತನಗಿಂತ ಚಿಕ್ಕವನ ಜೊತೆ ಆಡುವಾಗ ಮುಖದ ಹತ್ತಿರ ಹೋದ ಕೈಯನ್ನು ತಡೆದು ರೂಢಿಯಾದವನಿಗೆ ಕೈ ಹತೋಟಿಯಲ್ಲಿರುತ್ತದೆ. ರಸ್ತೆಯಲ್ಲಿ ಯಾರಾದರೂ ಅಡ್ಡಗಟ್ಟಿದರೆ ಏನು ಮಾಡಬೇಕು ಅಂತ ನಾನು ಹೇಳಿಕೊಡೋದೂ ಇಷ್ಟೇ: ಕೂಗು, ಬಿಡಿಸಿಕೋ, ಓಡು, ದೊಡ್ಡವರಿಗೆ ಹೇಳು, 112ಕ್ಕೆ ಫೋನ್ ಮಾಡು. ಚಾಕು ಹಿಡಿದವನ ಕೈಗೆ ಕಿಕ್ ಹೊಡೆಯೋದು ಸಿನಿಮಾದಲ್ಲಿ ಮಾತ್ರ.

ಇನ್ನೊಂದು ಮಾತು. ಹೆಣ್ಣುಮಕ್ಕಳಿರಲಿ, ಗಂಡುಮಕ್ಕಳಿರಲಿ, ಕ್ಲಾಸ್ ನಡೆಯುವಾಗ ಒಂದು ಗಂಟೆ ಮೂಲೆಯಲ್ಲಿ ಕೂತು ನೋಡಿ. ಮೈ ಮುಟ್ಟಿ ತಿದ್ದುವ ಮುಂಚೆ ಮಾಸ್ಟರ್ ಕೇಳ್ತಾರಾ? ತಪ್ಪಿದ ಮಗುವಿಗೆ ಬೆತ್ತ ತೋರಿಸ್ತಾರಾ, ಹೆಜ್ಜೆ ತೋರಿಸ್ತಾರಾ? ನೋವು ಅಂದ ಮಗುವನ್ನು ಕೂರಿಸ್ತಾರಾ? ಒಳಗೆ ಕೂತು ನೋಡೋಕೆ ಬಿಡಲ್ಲ ಅಂದರೆ ಫೀಸು ಕಟ್ಟದೆ ಮಗುವನ್ನು ಕರೆದುಕೊಂಡು ಮನೆಗೆ ಹೋಗಿ.